ಅಜ್ಜ ಬರ್ಮಾದಿಂದ ತಂದ ಜಪಾನಿ ಕತ್ತಿ: ಪುರಾತನದ್ದೋ ಯುದ್ಧಕಾಲದ್ದೋ ತಿಳಿಯುವುದು ಹೇಗೆ?

ಪ್ರಶ್ನೆ: ಕೊಥ್ರೂಡ್ ನಿವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ತಂದೆ ಬೆಳಗಾವಿಯವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮರಾಠಾ ಪದಾತಿ ದಳದಲ್ಲಿದ್ದು ಬರ್ಮಾಕ್ಕೆ ಹೋಗಿದ್ದ ಅವರು 1946ರಲ್ಲಿ ಊರಿಗೆ ಮರಳಿದಾಗ ತಮ್ಮ ಟ್ರಂಕಿನ ಜೊತೆಗೆ ಒಂದು ಜಪಾನಿ ಕತ್ತಿಯನ್ನೂ ತಂದಿದ್ದರು. ಅಜ್ಜ ತೀರಿಕೊಂಡ ಮೇಲೆ ಅದು ನಮ್ಮ ಮನೆಗೆ ಬಂದಿತು. ಪ್ರತಿ ಖಂಡೇನವಮಿಗೆ ಅದನ್ನು ಹೊರತೆಗೆದು, ಅಲಗಿಗೆ ಅರಿಸಿನ ಕುಂಕುಮ ಹಚ್ಚಿ, ಹೂ ಏರಿಸಿ, ಮರುದಿನ ಒರೆಸಿ ಒಳಗಿಡುವುದನ್ನು ನನ್ನ ತಾಯಿ ತಪ್ಪದೆ ನಡೆಸಿಕೊಂಡು ಬಂದಿದ್ದಾರೆ. ಆ ಬೊಟ್ಟುಗಳಿದ್ದ ಜಾಗದಲ್ಲಿ ಈಗ ಮೂರು ಕಪ್ಪು ಕಲೆಗಳಿವೆ.

ಆ ಕಲೆಗಳನ್ನು ತೆಗೆಸೋಣವೆಂದು ಎರಡು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಅವರು ಹಿಡಿಯನ್ನು ಬಿಚ್ಚದೆಯೇ ಬಫಿಂಗ್ ಯಂತ್ರಕ್ಕೆ ಹಿಡಿದು ಇಡೀ ಅಲಗನ್ನು ಸ್ಟೀಲ್ ತಟ್ಟೆಯಂತೆ ಹೊಳೆಯುವಂತೆ ಮಾಡಿ ಕೊಟ್ಟರು. ಕಲೆಗಳು ಮಾತ್ರ ಹೋಗಲಿಲ್ಲ. ಇದು ಕಾರ್ಖಾನೆಯ ಮಾಲು, ಇದಕ್ಕೆ ಬೆಲೆಯಿಲ್ಲ, ಬೇಕಾದರೆ ನಾವೇ ಇಟ್ಟುಕೊಳ್ಳುತ್ತೇವೆ ಎಂದೂ ಹೇಳಿದರು. ಆ ಮಾತು ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ.

ಹಿಡಿಗೆ ಕಂದು ಬಣ್ಣದ ಪಟ್ಟಿ ಸುತ್ತಿದ್ದು, ಅದರ ಸಂದಿಯಲ್ಲಿ ಬಿಳಿಯ ಒರಟು ಚರ್ಮ ಕಾಣಿಸುತ್ತದೆ. ಹಿತ್ತಾಳೆಯ ಬಿಲ್ಲೆಗಳ ಮೇಲೆ ಚೆರ್ರಿ ಹೂಗಳಿವೆ. ಒರೆಯ ಮೇಲೆ ಚರ್ಮದ ಹೊದಿಕೆಯಿದೆ. ಇದು ನಿಜಕ್ಕೂ ಯುದ್ಧಕ್ಕಾಗಿ ಮಾಡಿದ ಕತ್ತಿಯೇ, ಅಥವಾ ಅದಕ್ಕಿಂತ ಹಳೆಯದೇ? ಹಿಡಿಯೊಳಗೆ ತುಕ್ಕಿದ್ದರೆ ಅದನ್ನು ತೆಗೆಸಬೇಕೆ? ಇದನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿದೆಯೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಮಾಟುಂಗಾದ ಹಿರಿಯ, ಮುಂಬಯಿ

ತಂಗೀ, ಮೊದಲು ಒಂದು ಮಾತು: ಹಿಡಿಯೊಳಗಿನ ತುಕ್ಕನ್ನು ಯಾರಿಂದಲೂ ಮುಟ್ಟಿಸಬೇಡಿ. ನಾನು ಉಕ್ಕಿನ ಕಾರ್ಖಾನೆಯಲ್ಲಿ ಲೋಹಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ಜಪಾನಿ ಕತ್ತಿಗಳ ಅಭ್ಯಾಸ ಮೂವತ್ತು ವರ್ಷಗಳಿಂದ ನಡೆದಿದೆ. ಈ ಕತ್ತಿಗಳ ವಯಸ್ಸನ್ನು ಅಳೆಯುವವರು ಬಾಯಿಯನ್ನಾಗಲಿ ಮೊನೆಯನ್ನಾಗಲಿ ಮಾತ್ರ ನೋಡಿ ತೀರ್ಮಾನಕ್ಕೆ ಬರುವುದಿಲ್ಲ. ಹಿಡಿಯೊಳಗೆ ಅಡಗಿರುವ ಬುಡವನ್ನು, ಅಂದರೆ ನಕಾಗೊವನ್ನು, ನೋಡದೆ ಮಾತೇ ಆಡುವುದಿಲ್ಲ. ಅಲಗನ್ನು ಆಗಾಗ ಸಾಣೆ ಹಿಡಿಯುವುದುಂಟು, ಆದರೆ ಬುಡಕ್ಕೆ ಸಾಣೆ ತಾಗಿಸುವ ರೂಢಿ ಜಪಾನಿನಲ್ಲಿಲ್ಲ. ಆದ್ದರಿಂದ ಅಲ್ಲಿ ಕೂತ ತುಕ್ಕಿನ ಬಣ್ಣವೇ ಅದರ ಜಾತಕ. ಅದನ್ನು ಉಜ್ಜಿ ತೆಗೆದರೆ ನಾನೂರು ವರ್ಷದ ಕತ್ತಿಗೂ ನಾಲ್ಕು ವರ್ಷದ ಕತ್ತಿಗೂ ವ್ಯತ್ಯಾಸ ಹೇಳುವ ಮುಖ್ಯ ದಾರಿಯೇ ಮುಚ್ಚಿಹೋಗುತ್ತದೆ.

ನೀವು ವರ್ಣಿಸಿದ ಹಿಡಿ ಮತ್ತು ಬಿಲ್ಲೆಗಳು ಸೈನ್ಯದ ಶಿನ್‌ಗುಂತೊ, ಅಂದರೆ ಹೊಸ ಸೈನಿಕ ಕತ್ತಿಯ, ಮಾದರಿಯವು. ಜಪಾನಿನ ಸೈನ್ಯ 1934ರಲ್ಲಿ ಪಾಶ್ಚಾತ್ಯ ಸೇಬರ್ ರೂಪವನ್ನು ಬಿಟ್ಟು ಹಳೆಯ ತಾಚಿ ಕತ್ತಿಯ ರೂಪಕ್ಕೆ ಮರಳಿತು. ಅದೇ 1938ರಲ್ಲಿ ಸ್ವಲ್ಪ ಸರಳವಾಯಿತು. ಕೆಳದರ್ಜೆಯ ಅಧಿಕಾರಿಗಳಿಗೆ 1935ರ ಮಾದರಿ ಬೇರೆಯೇ ಇತ್ತು: ಅದರ ಹಿಡಿ ಎರಕದ ಲೋಹದ್ದು, ಅಲಗಿನ ಮೇಲೆ ಯಂತ್ರದಿಂದ ಒತ್ತಿದ ಕ್ರಮಸಂಖ್ಯೆ ಇರುತ್ತದೆ. ನಿಮ್ಮದು ಅದಲ್ಲ. ಮೇಲ್ದರ್ಜೆಯ ಅಧಿಕಾರಿಗಳು ಕತ್ತಿಯನ್ನು ಸ್ವಂತ ಹಣದಿಂದ ಕೊಳ್ಳಬೇಕಿತ್ತು. ಹಲವರು ಯುದ್ಧಕಾಲದ ಹೊಸ ಅಲಗನ್ನು ಕೊಂಡರೆ, ಮನೆತನದ ಹಳೆಯ ಅಲಗಿದ್ದವರು ಅದಕ್ಕೇ ಸೈನ್ಯದ ಹಿಡಿಯನ್ನೂ ಒರೆಯನ್ನೂ ಹಾಕಿಸಿಕೊಂಡರು. ಸಾಮುರಾಯಿಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು 1876ರಲ್ಲಿ ಸರ್ಕಾರ ನಿಷೇಧಿಸಿದ ಮೇಲೆ ಇಂತಹ ಅಲಗುಗಳು ಎಷ್ಟೋ ಮನೆಗಳಲ್ಲಿ ಸುಮ್ಮನೆ ಕೂತಿದ್ದವು. ಹೀಗಾಗಿ ಹೊರಗಿನ ಉಡುಪು 1938ರದು ಎಂಬ ಕಾರಣಕ್ಕೆ ಒಳಗಿನ ಅಲಗೂ ಕಾರ್ಖಾನೆಯದು ಎಂದು ಹೇಳಿದ ಅಂಗಡಿಯವರ ಮಾತಿಗೆ ಆಧಾರವಿಲ್ಲ. ಅದು ಸರಿಯೂ ಇರಬಹುದು, ಆದರೆ ಅವರು ನೋಡಬೇಕಾದ್ದನ್ನು ನೋಡಿಯೇ ಇಲ್ಲ.

ನೀವೇ ಬಿಚ್ಚಿ ನೋಡಬಹುದು. ಹಿಡಿಯಲ್ಲಿ ಬಿದಿರಿನ ಒಂದು ಸಣ್ಣ ಗೂಟ ಅಡ್ಡಲಾಗಿ ಸೇರಿರುತ್ತದೆ. ಅದರ ಒಂದು ತುದಿ ಸಣ್ಣದು, ಇನ್ನೊಂದು ದಪ್ಪ. ಸಣ್ಣ ತುದಿಯ ಕಡೆಯಿಂದ ಮರದ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿದರೆ ಹೊರಬರುತ್ತದೆ. ಆಮೇಲೆ ಎಡಗೈಯಲ್ಲಿ ಹಿಡಿಯ ತುದಿಯನ್ನು ಹಿಡಿದು, ಅಲಗನ್ನು ಮೊನೆ ಮೇಲಾಗಿ ಸ್ವಲ್ಪ ಓರೆಯಾಗಿ ನಿಲ್ಲಿಸಿ, ಬಲಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ತಟ್ಟಬೇಕು. ಅಲಗು ಸಡಿಲವಾಗಿ ಮೇಲೇಳುತ್ತದೆ. ಒಬ್ಬರೇ ಇದ್ದಾಗ ಮಾಡಬೇಡಿ, ಮಕ್ಕಳು ಹತ್ತಿರ ಇರಬಾರದು.

ಬುಡದಲ್ಲಿ ಏನೇನು ನೋಡಬೇಕು ಎಂದರೆ: ತುಕ್ಕಿನ ಬಣ್ಣ ಇಟ್ಟಿಗೆಯಂತೆ ಕೆಂಪಾಗಿದೆಯೋ ಕಪ್ಪಾಗಿದೆಯೋ, ಅಕ್ಷರಗಳಿವೆಯೋ, ಎಷ್ಟು ರಂಧ್ರಗಳಿವೆ, ಒತ್ತಿದ ಮುದ್ರೆ ಯಾವುದಾದರೂ ಇದೆಯೋ. ಷೋವಾ ಅಥವಾ ಸೆಕಿ ಎಂಬ ಸಣ್ಣ ಮುದ್ರೆಯಿದ್ದರೆ ಅದು ಯುದ್ಧಕಾಲದಲ್ಲಿ ಸಾಮಾನ್ಯವಾಗಿ ಎಣ್ಣೆಯಲ್ಲಿ ತಣಿಸಿ ಹದಗೊಳಿಸಿದ ಅಲಗು. ನಕ್ಷತ್ರದ ಮುದ್ರೆಯಿದ್ದರೆ ಅದೂ ಯುದ್ಧಕಾಲದ್ದೇ, ಆದರೆ ಸೈನ್ಯದ ಮನ್ನಣೆ ಪಡೆದ ಕಮ್ಮಾರರು ಸಾಂಪ್ರದಾಯಿಕ ರೀತಿಯಲ್ಲಿ ಕಾಯಿಸಿ ಬಡಿದದ್ದು. ಅದಕ್ಕೆ ಗೌರವ ಬೇರೆ. ಅಕ್ಷರಗಳಿದ್ದರೆ ಕೂಡಲೇ ಹಿಗ್ಗಬೇಡಿ. ಹೆಸರಾಂತ ಕಮ್ಮಾರರ ಹೆಸರನ್ನು ಬೇರೆಯವರು ಕೊರೆದ ಗಿಮೆಯಿ ಅಲಗುಗಳು ಶತಮಾನಗಳಿಂದಲೂ ಇವೆ. ಉದ್ದವನ್ನು ಮೊನೆಯಿಂದ ಬೆನ್ನಿನ ಕಚ್ಚಿನವರೆಗೆ ನೇರ ಗೆರೆಯಲ್ಲಿ ಅಳೆಯಿರಿ. ಎರಡು ಷಾಕು, ಅಂದರೆ 60.6 ಸೆಂಟಿಮೀಟರ್ ದಾಟಿದರೆ ಕತಾನಾ, ಅದಕ್ಕಿಂತ ಕಡಿಮೆಯಿದ್ದರೆ ವಕಿಜಾಷಿ.

ಕೊನೆಯದಾಗಿ, ಹಿಡಿ ಮತ್ತು ಅಲಗು ಸೇರುವಲ್ಲಿ ಹಬಾಕಿ ಎಂಬ ಲೋಹದ ಪಟ್ಟಿಯಿದೆ. ಹಿಡಿಯನ್ನು ಬಿಚ್ಚದೆ ಬಫಿಂಗ್ ಮಾಡಿದ್ದಾರೆ ಎಂದಿರಿ. ಹಾಗಾದರೆ ಆ ಪಟ್ಟಿಯ ಕೆಳಗಿನ ಎರಡು ಬೆರಳಷ್ಟು ಜಾಗಕ್ಕೆ ಯಂತ್ರ ತಾಗಿರಲಾರದು. ಅದನ್ನು ಮೆತ್ತಗೆ ಬುಡದ ಕಡೆಗೆ ಜಾರಿಸಿ ತೆಗೆದು, ಕತ್ತಲೆ ಕೋಣೆಯಲ್ಲಿ ಒಂದೇ ಹಳದಿ ಬಲ್ಬಿನ ಬೆಳಕಿನಲ್ಲಿ ನೋಡಿ ಬರೆಯಿರಿ.

ಉತ್ತರ 2: ಡೊಂಬಿವಲಿ ವಾಸಿ

ಮೇಲಿನ ಹಿರಿಯರು ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ಮುಂಬಯಿಯ ಹಳೆಯ ಸಾಮಾನಿನ ಬಜಾರಿನಲ್ಲಿ ನಾನು ಒಂದು ಕತ್ತಿಯನ್ನು ಪುರಾತನದ್ದೆಂದು ನಂಬಿ ಕೊಂಡು ಮೋಸಹೋದೆ. ಹಿಡಿಯ ಪಟ್ಟಿಯ ಕೆಳಗೆ ಇರಬೇಕಾದ ಒರಟು ಮೀನಿನ ಚರ್ಮದ ಬದಲು ಗುಳ್ಳೆ ಒತ್ತಿದ ಪ್ಲಾಸ್ಟಿಕ್ ಇತ್ತು. ಬುಡದ ತುಕ್ಕು ಆಮ್ಲ ಹಾಕಿ ಬರಿಸಿದ್ದು. ಬೆರಳಿಗೆ ಕೇಸರಿ ಪುಡಿಯಾಗಿ ಹತ್ತುತ್ತಿತ್ತು. ಹಳೆಯ ತುಕ್ಕು ಕೈಗೆ ಹತ್ತುವುದಿಲ್ಲ. ನಿಮ್ಮ ಕತ್ತಿ 1946ರಿಂದ ಒಂದೇ ಮನೆಯಲ್ಲಿದೆ ಎಂಬುದೇ ದೊಡ್ಡ ಸಾಕ್ಷಿ; ಅಜ್ಜನವರ ಸೈನ್ಯದ ಕಾಗದಪತ್ರಗಳನ್ನು ಹುಡುಕಿ ಕತ್ತಿಯ ಜೊತೆಗೇ ಇಡಿ. ಶರಣಾಗತಿಯ ಹೊತ್ತಿನಲ್ಲಿ ಕೆಲವು ಕತ್ತಿಗಳಿಗೆ ಜಪಾನಿ ಅಧಿಕಾರಿಯ ಹೆಸರು ಬರೆದ ಚೀಟಿ ಕಟ್ಟಿರುತ್ತಿತ್ತು. ಟ್ರಂಕಿನಲ್ಲಿ ಜಪಾನಿ ಬರಹದ ಮರದ ಅಥವಾ ಬಟ್ಟೆಯ ತುಣುಕು ಸಿಕ್ಕರೆ ಎಸೆಯಬೇಡಿ.

ಉತ್ತರ 3: ಮಡಗಾಂವ್ ಓದುಗ, ಗೋವಾ

ನಾನು ಬಂದರಿನಲ್ಲಿ ಸರಕು ಬಿಡುಗಡೆಯ ಕೆಲಸ ಮಾಡಿದವನಾದ್ದರಿಂದ ಕಾನೂನಿನ ಮಾತನ್ನು ಮೊದಲು ಹೇಳುತ್ತೇನೆ. ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ್ದಲ್ಲದ, ಒಂಬತ್ತು ಇಂಚಿಗಿಂತ ಉದ್ದದ ಅಲಗು 1959ರ ಆಯುಧ ಕಾಯಿದೆಯ ನಿಯಮಗಳಲ್ಲಿ ಆಯುಧವೆಂದೇ ಎಣಿಕೆಯಾಗುತ್ತದೆ. ಇದು ಮನೆತನದ ಸ್ಮರಣೆಯ ವಸ್ತು ಎಂದು ಫೋಟೋ ಸಮೇತ ನಿಮ್ಮ ಠಾಣೆಗೆ ಬರೆದು ತಿಳಿಸಿ, ಸ್ವೀಕೃತಿ ಪಡೆಯಿರಿ. ಎರಡನೆಯದಾಗಿ, ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ನಿಷೇಧಿಸುತ್ತದೆ. ಪರೀಕ್ಷೆಗೆಂದು ಜಪಾನಿಗೆ ಕಳುಹಿಸುವ ಯೋಚನೆ ಬಂದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಬೇಕು.

ಇನ್ನು ಕಾಪಾಡುವ ವಿಚಾರ. ನಮ್ಮ ಕರಾವಳಿಯ ಮಳೆಗಾಲ ಉಕ್ಕಿಗೆ ಶತ್ರು. ಪುಣೆಯಲ್ಲಿ ಅಷ್ಟಿಲ್ಲದಿದ್ದರೂ ಎಚ್ಚರ ಬೇಕು. ಕೊಬ್ಬರಿ ಎಣ್ಣೆಯನ್ನು ಹಚ್ಚಬೇಡಿ, ಅದು ಕಾಲಕ್ರಮೇಣ ಅಂಟಾಗುತ್ತದೆ. ಜಪಾನಿನವರು ಲವಂಗದ ವಾಸನೆಯ ಚೋಜಿ ಎಣ್ಣೆಯನ್ನು ಹಚ್ಚುತ್ತಾರೆ. ನಮಗೆ ಹೊಲಿಗೆ ಯಂತ್ರದ ತಿಳಿ ಎಣ್ಣೆ ಸಾಕು, ಅದೂ ಕಂಡೂ ಕಾಣದಷ್ಟು. ಚರ್ಮದ ಹೊದಿಕೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಅಲಗನ್ನು ಹೊರತೆಗೆದು ನೋಡಿ.

ಗೋವಾದವನಾಗಿ ಒಂದು ಮಾತು ಹೇಳದೆ ಇರಲಾರೆ. ಪೋರ್ಚುಗೀಸರು ಮತ್ತು ಡಚ್ಚರು ಹಡಗಿನಲ್ಲಿ ಒಯ್ದ ಹೊರನಾಡಿನ ಕಬ್ಬಿಣವನ್ನು ಜಪಾನಿನವರು ನಾನ್‌ಬಾನ್ ಕಬ್ಬಿಣ ಎಂದು ಕರೆದರು. ಜಪಾನಿನ ಎಚಿಜೆನ್ ಪ್ರಾಂತ್ಯದ ಯಾಸುತ್ಸುಗು ಎಂಬ ಕಮ್ಮಾರ ಅದನ್ನು ಬಳಸಿ ಮಾಡಿದೆನೆಂದು ಬುಡದ ಮೇಲೆ ಅಕ್ಷರಗಳಲ್ಲೇ ಕೊರೆದಿಟ್ಟಿದ್ದಾನೆ. ನಮ್ಮ ‘ಉಕ್ಕು’ ಎಂಬ ಪದವೇ ವೂಟ್ಸ್ ಎಂದಾಗಿ ಲೋಕಕ್ಕೆ ಹೋಯಿತು ಎನ್ನುತ್ತಾರಲ್ಲ. ಆ ಹಡಗಿನ ಕಬ್ಬಿಣದ ಸುದ್ದಿ ಓದಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಪ್ರಶ್ನೆ ಕೇಳಿದವರು: ಕೊಥ್ರೂಡ್ ನಿವಾಸಿ

ಕಾಕಾ, ಭಾನುವಾರ ನಾನೂ ನನ್ನ ತಮ್ಮನೂ ನೀವು ಹೇಳಿದಂತೆಯೇ ಬಿಚ್ಚಿದೆವು. ಅಲಗಿನ ಉದ್ದ 61.5 ಸೆಂಟಿಮೀಟರ್. ಬುಡದ ಬಣ್ಣ ಹುಣಸೆಬೀಜದಂತಿದೆ, ಉಜ್ಜಿದರೂ ಬೆರಳಿಗೆ ಏನೂ ಹತ್ತಲಿಲ್ಲ. ಮುದ್ರೆಯಿಲ್ಲ, ಅಕ್ಷರವೂ ಇಲ್ಲ. ಎರಡು ರಂಧ್ರಗಳಿವೆ, ಕೆಳಗಿನದರ ಅಂಚು ಸವೆದು ಒರಟಾಗಿದೆ, ಮೇಲಿನದು ಗುಂಡಗೆ ಸ್ವಚ್ಛವಾಗಿದೆ. ಬುಡದ ತುದಿಯನ್ನು ಅಡ್ಡಕ್ಕೆ ನೇರವಾಗಿ ಕತ್ತರಿಸಿದಂತಿದೆ. ಹಿತ್ತಾಳೆಯ ಬಿಲ್ಲೆಗಳಲ್ಲೆಲ್ಲ 37 ಎಂಬ ಒಂದೇ ಅಂಕೆಯಿದೆ.

ಹಬಾಕಿಯನ್ನು ಜಾರಿಸಿದಾಗ ಕೆಳಗೆ ಬೂದು ಬಣ್ಣದ ಒಂದು ಪಟ್ಟಿ ಕಂಡಿತು, ಉಳಿದ ಅಲಗಿನ ಹೊಳಪು ಅಲ್ಲಿಲ್ಲ. ಬಲ್ಬಿನ ಬೆಳಕಿನಲ್ಲಿ ಅದರೊಳಗೆ ತೇಗದ ಹಲಗೆಯ ಎಳೆಗಳಂತೆ ಸಣ್ಣ ಗೆರೆಗಳು ಸುಳಿದಾಡಿದ್ದು, ಬಾಯಿಯ ಪಕ್ಕ ಮಂಜಿನಂತಹ ಬಿಳಿ ಅಂಚು ಶುರುವಾಗುವುದು, ಆ ಅಂಚಿನಲ್ಲಿ ಉಪ್ಪಿನ ಕಣಗಳಂತೆ ಏನೋ ಮಿನುಗುವುದು ಕಂಡಿತು. ತಾಯಿಯನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

ಉತ್ತರ 4: ಮಾಟುಂಗಾದ ಹಿರಿಯ

ತಂಗೀ, ನೀವು ಕಂಡ ಎಳೆಗಳು ಉಕ್ಕನ್ನು ಮತ್ತೆ ಮತ್ತೆ ಮಡಚಿ ಬಡಿದದ್ದರ ಗುರುತು. ಅದಕ್ಕೆ ಜಿಹಾದಾ ಎನ್ನುತ್ತಾರೆ. ಬಾಯಿಯ ಪಕ್ಕದ ಮಂಜು ಹಾಮೊನ್, ಅಂದರೆ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಬಳಿದು, ಕಾಯಿಸಿ, ನೀರಿನಲ್ಲಿ ಅದ್ದಿದಾಗ ಬಾಯಿಯ ಭಾಗ ಮಾತ್ರ ಗಡುಸಾಗುವುದರಿಂದ ಮೂಡುವ ಗೆರೆ. ಉಪ್ಪಿನಂತೆ ಮಿನುಗಿದ ಕಣಗಳಿಗೆ ನಿಯೆ ಎಂದು ಹೆಸರು. ಎಣ್ಣೆಯಲ್ಲಿ ತಣಿಸಿದ ಯುದ್ಧಕಾಲದ ಅಲಗುಗಳಲ್ಲಿ ಇವು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಎರಡು ರಂಧ್ರಗಳು ಮಾತ್ರ ಪುರಾವೆಯಾಗಲಾರವು, ಏಕೆಂದರೆ ಯುದ್ಧಕಾಲದ ಕೆಲವು ಅಲಗುಗಳಲ್ಲೂ ಎರಡಿರುತ್ತವೆ. ಆದರೆ ಅವುಗಳಲ್ಲಿ ಒಂದು ಹಳೆಯದಾಗಿ ಇನ್ನೊಂದು ಹೊಸದಾಗಿ ಕಾಣುವುದು, ತುದಿ ನೇರವಾಗಿ ಕತ್ತರಿಸಿರುವುದು, ಬುಡದ ಬಣ್ಣ, ಈ ಎಲ್ಲವೂ ಕೂಡಿ ಉದ್ದವಾಗಿದ್ದ ಹಳೆಯ ಅಲಗನ್ನು ಬುಡದ ಕಡೆಯಿಂದ ಮೊಟಕು ಮಾಡಿದ್ದಾರೆಂದು ಹೇಳುತ್ತವೆ. ಹಾಗೆ ಮಾಡಿದಾಗ ಕಮ್ಮಾರನ ಹೆಸರಿದ್ದ ತುಂಡು ಹೋಗಿಬಿಡುವುದುಂಟು. 37 ಎಂಬ ಅಂಕೆ ಬಿಲ್ಲೆಗಳನ್ನು ಒಟ್ಟಿಗೆ ಜೋಡಿಸಿದ ಗುರುತಷ್ಟೆ, ಅಲಗಿಗೆ ಸಂಬಂಧವಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಇದು ಕಾರ್ಖಾನೆಯ ಮಾಲಲ್ಲ; ಯಾವನೋ ಅಧಿಕಾರಿ ತನ್ನ ಮನೆಯಿಂದ ತಂದ ಅಲಗು. ಯಾವ ಶತಮಾನ, ಯಾವ ಪರಂಪರೆ ಎಂಬುದನ್ನು ಫೋಟೋ ನೋಡಿ ಹೇಳುವವರನ್ನು ನಂಬಬೇಡಿ. ಅದನ್ನು ಟೋಕಿಯೊದಲ್ಲಿ 1948ರಲ್ಲಿ ಸ್ಥಾಪನೆಯಾದ ಕತ್ತಿ ಸಂರಕ್ಷಣಾ ಸಂಘದಂತಹ ಕಡೆ ಅಲಗನ್ನು ಕೈಯಲ್ಲಿ ಹಿಡಿದು ನೋಡಿದವರೇ ಹೇಳಬೇಕು. ಬಫಿಂಗ್‌ನಿಂದ ಹೋದ ಉಕ್ಕು ಮರಳಿ ಬರುವುದಿಲ್ಲ. ಜಪಾನಿನಲ್ಲಿ ತರಬೇತಾದ ಸಾಣೆಗಾರರು ಮಾತ್ರ ಕಲ್ಲುಗಳಿಂದ ತಿದ್ದಿ ಆ ಎಳೆಗಳನ್ನು ಮತ್ತೆ ಮೇಲಕ್ಕೆ ತರಬಲ್ಲರು. ಅಂತಹವರು ಸಿಗುವವರೆಗೆ ಕಲೆಗಳನ್ನು ಹಾಗೆಯೇ ಬಿಡಿ, ಯಾವ ಪಾಲಿಶನ್ನೂ ತಾಗಿಸಬೇಡಿ.

ಗೂಟವನ್ನು ಅದು ಹೊರಬಂದ ಕಡೆಯಿಂದಲೇ ಹಿಂದಕ್ಕೆ ಸೇರಿಸಿ. ಸಡಿಲವಾಗಿದ್ದರೆ ಒಣಗಿದ ಬಿದಿರಿನಿಂದ ಹೊಸದನ್ನು ಮಾಡಿಸಿ, ಹಳೆಯದನ್ನೂ ಜೋಪಾನವಾಗಿಡಿ. ಮುಂದಿನ ಖಂಡೇನವಮಿಗೆ ತಾಯಿಯವರು ಕುಂಕುಮವನ್ನು ಒರೆಯ ಮುಂದಿಟ್ಟ ತೆಂಗಿನಕಾಯಿಗೆ ಹಚ್ಚಲಿ.

ಪ್ರಶ್ನೆ ಕೇಳಿದವರು: ಕೊಥ್ರೂಡ್ ನಿವಾಸಿ

ತಾಯಿ ಒಪ್ಪಿದ್ದಾರೆ, ಕಾಕಾ. ಟ್ರಂಕನ್ನು ಬೆಳಗಾವಿಯಿಂದ ತರಿಸಲು ಮಾವನಿಗೆ ಫೋನ್ ಮಾಡಿದ್ದೇನೆ.