ಪಾರ್ಕ್ ಲಾನ್ ಮತ್ತೆ ಹೋಯ್ತು, ಯಾರಾದರೂ ಉತ್ತರ ಕೊಡಿ

ಸವಿತಾ, 2ನೇ ಕ್ರಾಸ್ (ಬೆಳಗ್ಗೆ 5:40)
ರಾತ್ರಿ ಎರಡರಿಂದ ಕಣ್ಣು ಮುಚ್ಚಿಲ್ಲ. ಹಂದಿಗಳು ಲಾನ್ ಪೂರ್ತಿ ಉತ್ತು ಹಾಕಿವೆ. ನಾಯಿಗಳ ಬೊಗಳಾಟ ಬೇರೆ. ಮನೆಗೆ 1,500 ರೂಪಾಯಿ ಕೊಟ್ಟು ಹಾಕಿಸಿದ ಹುಲ್ಲು, ಇನ್ನೂ ವರ್ಷ ತುಂಬಿಲ್ಲ. ಕಮಿಟಿಯವರು ಎದ್ದಿದ್ದೀರಾ?

ರಾಯರು, 118
ಹಿಂದಿನ ಗೇಟಿಗೆ ಬೀಗ ಹಾಕಿ ಅಂತ ಯುಗಾದಿ ಸಭೆಯಲ್ಲೇ ಹೇಳಿದ್ದೆ. ನನ್ನ ಮಾತು ಯಾರಿಗೆ ಬೇಕು?

ಪ್ರಕಾಶ್, ಕಾರ್ಯದರ್ಶಿ
ಬೀಗ ಹಾಕಿದ್ದೆವು ರಾಯರೇ. ಮೂರನೇ ದಿನ ಒಡೆದವರು ಯಾರು ಅಂತ ಎಲ್ಲರಿಗೂ ಗೊತ್ತು. ವಾಕಿಂಗಿಗೆ ಸುತ್ತು ಹಾಕಿಕೊಂಡು ಬರೋಕೆ ಆಗಲ್ಲ ಅಂದವರು.

ರಾಯರು, 118
ಧೈರ್ಯ ಇದ್ದರೆ ಹೆಸರು ಹೇಳಿ.

ನವೀನ್, 64
ಹಂದಿಗಳೂ ಪಾಪ ವಾಕಿಂಗಿಗೇ ಬಂದಿದ್ದವು ಅನ್ಸುತ್ತೆ 😄

ಮೇಷ್ಟ್ರು, 3ನೇ ಕ್ರಾಸ್
ಈಗಷ್ಟೇ ಹೋಗಿ ನೋಡಿ ಬಂದೆ. ಹಂದಿಯ ತಪ್ಪು ಆಮೇಲಿನದು. ಹಂದಿ ಮುಟ್ಟದ ಕಡೆಯೂ ಹುಲ್ಲು ಹಿಡಿದು ಎಳೆದರೆ ಚಾಪೆ ಸುತ್ತಿದ ಹಾಗೆ ಎದ್ದು ಬರುತ್ತದೆ. ಕೆಳಗೆ ಬೇರು ಉಳಿದೇ ಇಲ್ಲ. ಒಂದಡಿ ಜಾಗದಲ್ಲಿ ಒಂಬತ್ತು ಗೊಣ್ಣೆ ಹುಳು ಸಿಕ್ಕವು. ಬಿಳಿ ಮೈ, ಕಂದು ತಲೆ, ಹಿಂಭಾಗ ಕಪ್ಪಗೆ. ಮುಟ್ಟಿದರೆ ಕೊಕ್ಕೆಯ ಹಾಗೆ ಮುದುಡಿಕೊಳ್ಳುತ್ತವೆ. ಹಂದಿ ಬಂದದ್ದು ಇವನ್ನು ತಿನ್ನೋಕೆ. ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಬೇವಿನ ಮರಕ್ಕೆ ಕಂದು ದುಂಬಿ ಮುತ್ತಿಕೊಂಡಿದ್ದವು, ನೆನಪಿದೆಯಾ? ಅವುಗಳ ಮರಿಗಳೇ ಇವು.

ರಾಯರು, 118
ಫೋರೇಟ್ ಕೀಟನಾಶಕ ಹಾಕಿಸಿ. ನಮ್ಮಪ್ಪ ಕಬ್ಬಿಗೆ ಹಾಕುತ್ತಿದ್ದರು. ಒಂದೇ ಸಲ, ಮುಗೀತು.

ಮೇಷ್ಟ್ರು, 3ನೇ ಕ್ರಾಸ್
ಅದು 2020ರ ಕೊನೆಗೇ ನಿಷೇಧ ಆಗಿದೆ. ಅಲ್ಲದೆ ಲಾನ್ ಮಕ್ಕಳು ಉರುಳಾಡುವ ಜಾಗ.

ಉಷಾ, 91
*ಹಲವು ಬಾರಿ ಫಾರ್ವರ್ಡ್ ಆಗಿದೆ* 🌱🌱 ಹುಳು ಮುಟ್ಟದ ವಿದೇಶಿ ಹುಲ್ಲಿನ ಬೀಜ! ಔಷಧಿ ಬೇಡವೇ ಬೇಡ! ಇಂದೇ ಬುಕ್ ಮಾಡಿ!
ಇದು ನಿಜಾನಾ ಮೇಷ್ಟ್ರೇ?

ಮೇಷ್ಟ್ರು, 3ನೇ ಕ್ರಾಸ್
ಅರ್ಧ ನಿಜ. ರೈ ಹುಲ್ಲು ಅಂತ, ತಂಪು ದೇಶಗಳದ್ದು. ಅದರ ಕೆಲವು ತಳಿಗಳ ಒಳಗೆ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ ಇರುತ್ತದೆ. ಬೀಜದ ಜೊತೆಗೇ ಮುಂದಿನ ಗಿಡಕ್ಕೂ ಹೋಗುತ್ತದೆ. ಹುಲ್ಲು ಅದಕ್ಕೆ ಊಟ ಹಾಕುತ್ತದೆ, ಅದು ಹುಲ್ಲಿಗೆ ವಿಷ ಮಾಡಿಕೊಡುತ್ತದೆ. ಎಲೆ, ಕಾಂಡ ತಿನ್ನುವ ಹುಳುಗಳಿಗೆ ಅದು ಆಗುವುದಿಲ್ಲ. ಆದರೆ ಆ ವಿಷ ಬೇರಿನಲ್ಲಿ ಕಡಿಮೆ, ನಮ್ಮ ಹುಳು ತಿನ್ನುವುದು ಬೇರನ್ನೇ. ಮೇಲಾಗಿ ನಮ್ಮ ಏಪ್ರಿಲ್ ಬಿಸಿಲಿಗೆ ಆ ಹುಲ್ಲು ನಿಲ್ಲುವುದಿಲ್ಲ. ನ್ಯೂಜಿಲೆಂಡಿನಲ್ಲಿ ಅದನ್ನು ಮೇಯ್ದ ಕುರಿಗಳು ಕುಡಿದವರ ಹಾಗೆ ತೂರಾಡುತ್ತವೆ.

ನವೀನ್, 64
ನಮ್ಮ ಪಾರ್ಕಿನ ಕೊನೇ ಬೆಂಚಿನವರಿಗೆ ಹುಲ್ಲೂ ಬೇಕಿಲ್ಲ ಸರ್.

ಸುಬ್ಬಣ್ಣ, 7
ನಮ್ಮ ಮಗಳು ಫ್ಲಾರಿಡಾದಲ್ಲಿದ್ದಾಳೆ. ಅಲ್ಲಿ ಫ್ಲೋರಟಾಮ್ ಅಂತ ಹುಲ್ಲು. ಹುಲ್ಲಿನ ರಸ ಹೀರುವ ಒಂದು ಜಾತಿ ತಿಗಣೆಯನ್ನು ತಡೆಯುತ್ತೆ ಅಂತ 1973ರಲ್ಲಿ ಬಂದದ್ದಂತೆ. ಆದರೂ ಅವಳ ಲಾನ್ ಈ ಬೇಸಿಗೆ ಒಣಗಿ ಹೋಯ್ತು. ಫೋಟೋ ಕಳಿಸಲಾ?

ಮೇಷ್ಟ್ರು, 3ನೇ ಕ್ರಾಸ್
80ರ ದಶಕದಲ್ಲೇ ಆ ತಿಗಣೆ ಅದಕ್ಕೂ ಒಗ್ಗಿಕೊಂಡಿತು. ಊರಿಗೆಲ್ಲ ಒಂದೇ ಹುಲ್ಲು ಹಾಸಿದರೆ ಹಾಗೇ ಆಗುತ್ತದೆ ಸುಬ್ಬಣ್ಣ.

ಗಿರಿಜಮ್ಮ, ಮೂಲೆಮನೆ
ನಾನು ದಿನಾ ಗಣಪತಿಗೆ ಗರಿಕೆ ಕೀಳೋದು ನಲ್ಲಿ ಪಕ್ಕದಲ್ಲಿ. ಆ ಜಾಗ ಹಸಿರಾಗೇ ಇದೆಯಲ್ಲ. ಅಲ್ಲಿ ಹುಳು ಇಲ್ವಾ?

ಮೇಷ್ಟ್ರು, 3ನೇ ಕ್ರಾಸ್
ಅಲ್ಲೂ ಅಗೆದೆ ಅಮ್ಮ. ಆರು ಸಿಕ್ಕವು. ಆದರೂ ಹಸಿರು! ಗರಿಕೆ ನೆಲದ ಮೇಲೂ ಹಬ್ಬುತ್ತದೆ, ಮಣ್ಣಿನ ಒಳಗೂ ಕಾಂಡ ಓಡಿಸುತ್ತದೆ. ಹುಳು ಒಂದು ಕಡೆ ಬೇರು ಕಡಿದರೆ ಪಕ್ಕದ ಗೆಣ್ಣಿನಿಂದ ಮತ್ತೆ ಬಿಡುತ್ತದೆ. ಹುಳುವನ್ನೇ ಬರಗೊಡದ ಹುಲ್ಲು ಬೇರೆ, ತಿಂದರೂ ತಡೆದುಕೊಳ್ಳುವ ಹುಲ್ಲು ಬೇರೆ. ಗರಿಕೆ ಎರಡನೇ ಜಾತಿ. ನಾವು ಹಾಕಿಸಿದ ಕಾರ್ಪೆಟ್ ಹುಲ್ಲಿನ ಬೇರು ಮೊದಲೇ ಮೇಲೆ ಮೇಲೆ. ದಿನಾ ಚಿಮುಕಿಸುವ ನೀರಿಗೆ ಅದು ಕೆಳಗಿಳಿಯುವ ಗೋಜಿಗೇ ಹೋಗಿಲ್ಲ.
ಹಾಳಾದ ಕಡೆ ಗರಿಕೆ ನೆಡೋಣ. ಚೆನ್ನಾಗಿ ಕೊಳೆತ ಗೊಬ್ಬರಕ್ಕೆ ಮೆಟಾರೈಜಿಯಂ ಪುಡಿ ಬೆರೆಸಿ, ಮಣ್ಣು ತೇವ ಇರುವಾಗ ಹಾಕೋಣ. ಅದೂ ಶಿಲೀಂಧ್ರವೇ, ಆದರೆ ಹುಳುವಿಗೆ ರೋಗ ತರುವಂಥದ್ದು. ಭಾನುವಾರ 7 ಗಂಟೆಗೆ ಯಾರು ಯಾರು ಬರುತ್ತೀರಿ?

ರಾಯರು, 118
ದುಡ್ಡು ಕೊಟ್ಟ ಹುಲ್ಲು ಕಿತ್ತು ಪುಕ್ಕಟೆ ಗರಿಕೆ ನೆಡಬೇಕಾ? ಮೊದಲು ಲೆಕ್ಕ ಕೊಡಿ. ಆ ಗುತ್ತಿಗೆದಾರ ಹಸಿ ಸಗಣಿ ತಂದು ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನನ್ನು ಕರೆತಂದವರು ಯಾರು?

ಪ್ರಕಾಶ್, ಕಾರ್ಯದರ್ಶಿ
ಮೂರು ಕೊಟೇಷನ್ ಬಂದಿದ್ದವು. ಅವನನ್ನು ಆರಿಸಿದ ಸಭೆಗೆ ಅಧ್ಯಕ್ಷರು ತಾವೇ. ನಡಾವಳಿ ಪುಸ್ತಕದ ಫೋಟೋ ಹಾಕಲಾ?

ರಾಯರು, 118
_ಈ ಸಂದೇಶವನ್ನು ಅಳಿಸಲಾಗಿದೆ_

ಸುಬ್ಬಣ್ಣ, 7
🌹 ಶುಭೋದಯ. ನಗುತ್ತಾ ಬಾಳಿ 🌹

ಮೇಷ್ಟ್ರು, 3ನೇ ಕ್ರಾಸ್
ಭಾನುವಾರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಇನ್ನೊಂದು ವಿಷಯ. ಬರುವ ವರ್ಷ ಮೊದಲ ಮಳೆ ಬಿದ್ದ ಕೂಡಲೇ ಸಂಜೆ ಬೇವಿನ ಕೊಂಬೆ ಅಲುಗಾಡಿಸಿ ದುಂಬಿ ಉದುರಿಸಬೇಕು, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಆ ನಾಲ್ಕು ದಿನ ಏಳರಿಂದ ಒಂಬತ್ತರವರೆಗೆ ಪಾರ್ಕಿನ ಫೋಕಸ್ ಲೈಟ್ ಆರಿಸಿದರೆ ಒಳ್ಳೆಯದು. ದುಂಬಿ ಬೆಳಕಿಗೆ ಬರುತ್ತವೆ.

ಸವಿತಾ, 2ನೇ ಕ್ರಾಸ್
ಲೈಟ್ ಆರಿಸೋದಾ? ನಾವು ಹೆಂಗಸರು ವಾಕಿಂಗ್ ಮಾಡೋದೇ ಆ ಹೊತ್ತಿಗೆ. ಈಗಲೇ 4ನೇ ಕ್ರಾಸ್‌ನಲ್ಲಿ ಮೂರು ಕಂಬ ಉರಿಯುತ್ತಿಲ್ಲ.

ಉಷಾ, 91
ಮೂರಲ್ಲ, ಐದು. ನಮ್ಮ ಮನೆ ಮುಂದಿನದು ಆಷಾಢದಿಂದಲೂ ಇಲ್ಲ.

ನವೀನ್, 64
ನಮ್ಮದು ಹಗಲು ಉರಿಯುತ್ತೆ, ರಾತ್ರಿ ರಜೆ.

ರಾಯರು, 118
ಇದು ಮಾತು. ನಾಳೆ ಹತ್ತು ಗಂಟೆಗೆ ಎಲ್ಲರೂ ಗೇಟ್ ಹತ್ತಿರ ಸೇರಿ. ಕಚೇರಿಗೆ ಹೋಗಿ ಅರ್ಜಿ ಕೊಡೋಣ. ಒಕ್ಕಣೆ ನಾನು ಬರೆಯುತ್ತೇನೆ. ಬರುವವರು 👍 ಹಾಕಿ.

(👍 14)

ಪ್ರಕಾಶ್, ಕಾರ್ಯದರ್ಶಿ
ಕಂಬದ ನಂಬರ್ ಬರೆದು ಕಳಿಸಿ, ಪಟ್ಟಿ ಮಾಡುತ್ತೇನೆ. ಗಣೇಶೋತ್ಸವದ ಚಂದಾ ಕೊಡದವರೂ ಹಾಗೇ ಕೊಟ್ಟುಬಿಡಿ.

ಗಿರಿಜಮ್ಮ, ಮೂಲೆಮನೆ
ಮೇಷ್ಟ್ರೇ, ಭಾನುವಾರ ನಾನು ಬರುತ್ತೇನೆ. ಹಾರೆ ನಮ್ಮನೇಲಿದೆ. ನಲ್ಲಿ ಪಕ್ಕದ ಗರಿಕೇನ ಮಾತ್ರ ಹಬ್ಬ ಆಗೋವರೆಗೂ ಕೀಳಬೇಡಿ, 21 ಎಸಳು ಬೇಕು.