ಗೇಮ್ ಸರ್ವರ್ ಡೌನ್ ಆದಾಗ ನೀವು ಏನು ಮಾಡ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಮ್ಮ ಕನ್ಸೋಲ್‌ನಲ್ಲಿ ಆಡುತ್ತಾನೆ, ನಾನು ಫೋನ್‌ನಲ್ಲಿ. ಲಾಗಿನ್ ಆಗದಿದ್ದರೆ ಅವನು ಮೊದಲು ರೂಟರ್ ರೀಸೆಟ್ ಮಾಡುತ್ತಾನೆ, ಆಮೇಲೆ ಗೇಮನ್ನೇ ಡಿಲೀಟ್ ಮಾಡಿ ಮತ್ತೆ ಡೌನ್‌ಲೋಡ್‌ಗೆ ಹಾಕುತ್ತಾನೆ. ತೊಂದರೆ ನಮ್ಮ ಕಡೆಯದೋ ಕಂಪನಿ ಕಡೆಯದೋ ಅಂತ ಬೇಗ ತಿಳಿಯೋದು ಹೇಗೆ? ಅವರ ಕಡೆಯದಾದರೆ ಸುಮ್ನೆ ಕಾಯಬೇಕಾ? ಆ ಹೊತ್ತಿನಲ್ಲಿ ಟಾಪ್‌ಅಪ್ ಮಾಡಿ ದುಡ್ಡು ಕಟ್ ಆಗಿದ್ದರೆ ಏನು ಮಾಡಬೇಕು?

ಉತ್ತರ (ಮೈಸೂರು, ಗೇಮಿಂಗ್ ಕೆಫೆ ನಡೆಸುವವರು)

ನಮ್ಮ ಕೆಫೆಯಲ್ಲಿ ಯಾವುದಾದರೂ ಗೇಮ್ ನಿಂತರೆ ತಕ್ಷಣ "ಅಣ್ಣಾ, ನೆಟ್ ಹೋಯ್ತು" ಅಂತ ಕೂಗು ಬರುತ್ತದೆ. ಬಹಳ ಸಲ ನೆಟ್ ಹೋಗಿರುವುದಿಲ್ಲ. ಅದಕ್ಕೇ ನಾನು ಮೊದಲು ರೂಟರ್ ಮುಟ್ಟುವುದಿಲ್ಲ. ಬೇರೆ ಕಂಪನಿಯ ಇನ್ನೊಂದು ಗೇಮ್ ತೆರೆದು ನೋಡುತ್ತೇನೆ. ಅದು ಸಲೀಸಾಗಿ ಓಡಿದರೆ ನಮ್ಮ ಮನೆಯ ಲೈನ್ ಮೇಲಿನ ಅನುಮಾನ ಮುಕ್ಕಾಲು ಪಾಲು ಹೋಗುತ್ತದೆ.

ಎರಡನೆಯದು ಮೊಬೈಲ್ ಹಾಟ್‌ಸ್ಪಾಟ್. ಅದೇ ಕನ್ಸೋಲ್, ಅದೇ ಅಕೌಂಟ್, ನೆಟ್ ಮಾತ್ರ ಬೇರೆ. ಹಾಟ್‌ಸ್ಪಾಟ್‌ನಲ್ಲಿ ಲಾಗಿನ್ ಆಯಿತು ಅಂದರೆ ತೊಂದರೆ ನಿಮ್ಮ ಬ್ರಾಡ್‌ಬ್ಯಾಂಡ್ ಕಡೆಯದು. ಅಲ್ಲೂ ಆಗಲಿಲ್ಲ ಅಂದರೆ ಅಕೌಂಟ್ ಇಲ್ಲವೇ ಸರ್ವರ್. ಇದನ್ನು ಮಾಡುವಾಗ ಆಟೋ ಅಪ್‌ಡೇಟ್ ಆಫ್ ಮಾಡಿ. ಇಲ್ಲದಿದ್ದರೆ ಮೊಬೈಲ್ ಡೇಟಾ ಎಲ್ಲ ಅಪ್‌ಡೇಟ್‌ಗೇ ಹೋಗುತ್ತದೆ.

ಇಷ್ಟು ಆದ ಮೇಲೆ ಕಂಪನಿಯ ಸ್ಟೇಟಸ್ ಪೇಜ್, ಅಂದರೆ ಸರ್ವರ್ ಸರಿ ಇದೆಯಾ ಅಂತ ಕಂಪನಿಯೇ ತೋರಿಸುವ ಪುಟ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಎಪಿಕ್, ರಾಯಟ್, ರೋಬ್ಲಾಕ್ಸ್, ಎಲ್ಲರಿಗೂ ಅವರದೇ ಪೇಜ್ ಇದೆ. ಗೇಮಿನ ಹೆಸರಿನ ಮುಂದೆ "ಸರ್ವರ್ ಸ್ಟೇಟಸ್" ಅಂತ ಹಾಕಿ ಹುಡುಕಿ. ಕಂಪನಿಯ ಸ್ವಂತ ವೆಬ್‌ಸೈಟ್ ಹೌದಾ ಅಂತ ಮಾತ್ರ ನೋಡಿಕೊಳ್ಳಿ. ಪೇಜ್ ತೆರೆದ ಮೇಲೆ ಒಂದು ಹಸಿರು ಗುರುತು ನೋಡಿ ಮುಚ್ಚಬೇಡಿ. ಲಾಗಿನ್, ಸ್ಟೋರ್, ಮ್ಯಾಚ್‌ಮೇಕಿಂಗ್ (ಜೊತೆಗೆ ಆಡುವವರನ್ನು ಜೋಡಿಸುವುದು), ಫ್ರೆಂಡ್ಸ್ ಲಿಸ್ಟ್, ಎಲ್ಲಕ್ಕೂ ಬೇರೆ ಬೇರೆ ಸಾಲು ಇರುತ್ತದೆ. ಸ್ಟೋರ್ ಮಾತ್ರ ಕೆಟ್ಟಿದ್ದರೆ ಆಟ ಆಡಬಹುದು. ಲಾಗಿನ್ ಕೆಟ್ಟಿದ್ದರೆ ಮಿಕ್ಕದ್ದೆಲ್ಲ ಹಸಿರು ಇದ್ದೂ ಉಪಯೋಗ ಇಲ್ಲ. ಕೆಲವು ಪೇಜ್‌ಗಳಲ್ಲಿ ಪ್ರದೇಶವನ್ನೂ ಆರಿಸಬೇಕು. ಅಮೆರಿಕದ್ದು ನೋಡಿ ಸರಿ ಇದೆ ಅಂದುಕೊಂಡರೆ ಮುಂಬೈ ಸರ್ವರ್ ಬಗ್ಗೆ ಏನೂ ತಿಳಿಯುವುದಿಲ್ಲ.

ಸಮಯವನ್ನೂ ಸರಿಯಾಗಿ ಓದಿ. ಪೇಜ್‌ನಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಅಳತೆ ಸಮಯ) ಅಂತ ಇದ್ದರೆ 5 ಗಂಟೆ 30 ನಿಮಿಷ ಕೂಡಿಸಿ. ಅಮೆರಿಕದ ಪೆಸಿಫಿಕ್ ಸಮಯ ಇದ್ದರೆ ಅಲ್ಲಿನ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಕೂಡಿಸಬೇಕು. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನವರು ವಾರದ ಮೆಂಟೆನೆನ್ಸ್ ಮಾಡುವುದು ಅವರ ಮಂಗಳವಾರ ಸಂಜೆ. ನಮಗೆ ಅದು ಬುಧವಾರ ಬೆಳಗಿನ ಜಾವ. ರಾತ್ರಿಯಿಡೀ ಕೂತು ಆಡುವ ಹುಡುಗರು ಆ ಹೊತ್ತಿಗೆ ಕನೆಕ್ಷನ್ ಹೋಯಿತು ಅಂತ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಸರಿಯಾಗುತ್ತದೆ.

ಇನ್ನು ಯಾವ ಸೇವೆ ಕೆಟ್ಟಿದೆ ಅಂತ ತೋರಿಸುವ ಡೌನ್‌ಡಿಟೆಕ್ಟರ್ ವೆಬ್‌ಸೈಟ್. ಅದು ಸರ್ವರ್‌ಗಳನ್ನು ತಾನೇ ತಪಾಸಣೆ ಮಾಡುವ ಯಂತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ನಿಂತಿರುವುದು ನಮ್ಮಂಥವರು ಒತ್ತುವ ದೂರುಗಳ ಮೇಲೆ. ಮಾಮೂಲಿ ದಿನದ ದೂರಿಗಿಂತ ಇವತ್ತು ಎಷ್ಟು ಜಾಸ್ತಿ ಅಂತ ಗ್ರಾಫ್ ತೋರಿಸುತ್ತದೆ. ಹಾಗಾಗಿ ಸಂಖ್ಯೆಗಿಂತ ಗ್ರಾಫಿನ ಏರು ಮುಖ್ಯ. ಕೆಳಗಿನ ಕಾಮೆಂಟ್‌ಗಳಲ್ಲಿ ಜನ ಊರಿನ ಹೆಸರು, ನೆಟ್ ಕಂಪನಿ ಹೆಸರು ಬರೆದಿರುತ್ತಾರೆ. ನನಗೆ ಗ್ರಾಫಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬಂದಿದೆ. ಎಲ್ಲರೂ ಒಂದೇ ನೆಟ್ ಕಂಪನಿಯವರಾದರೆ ತಪ್ಪು ಗೇಮಿನದ್ದಲ್ಲ ಅಂತ ಗೊತ್ತಾಗುತ್ತದೆ. ಆದರೆ ಇದೊಂದನ್ನೇ ನಂಬಬೇಡಿ. 2025ರ ನವೆಂಬರ್ 18ರಂದು, ಬಹಳ ವೆಬ್‌ಸೈಟ್‌ಗಳು ನಂಬಿಕೊಂಡಿರುವ ಕ್ಲೌಡ್‌ಫ್ಲೇರ್ ಕಂಪನಿಯ ಸೇವೆ ಕೆಟ್ಟಾಗ ಡೌನ್‌ಡಿಟೆಕ್ಟರ್ ಕೂಡ ಸರಿಯಾಗಿ ತೆರೆಯುತ್ತಿರಲಿಲ್ಲ.

ಉತ್ತರ (ತುಮಕೂರು, ಬ್ರಾಡ್‌ಬ್ಯಾಂಡ್ ಲೈನ್ ಕೆಲಸದವರು)

ಮೇಲಿನವರು ಹೇಳಿದ್ದಕ್ಕೆ ನಮ್ಮ ಕಡೆಯ ವಿಷಯ ಸೇರಿಸುತ್ತೇನೆ. ರೂಟರ್ ಆಫ್ ಮಾಡುವ ಮುಂಚೆ ಅದರ ಲೈಟ್ ನೋಡಿ, ದಯವಿಟ್ಟು. ಫೈಬರ್ ಕನೆಕ್ಷನ್ನಿನ ಡಬ್ಬದಲ್ಲಿ ಪಿಒಎನ್ ಅಂತ ಒಂದು, ಎಲ್‌ಒಎಸ್ ಅಂತ ಒಂದು ಲೈಟ್ ಇರುತ್ತದೆ. ಪಿಒಎನ್ ಹಸಿರಾಗಿ ಅಲುಗಾಡದೆ ಉರಿಯುತ್ತಿದ್ದರೆ ಬೆಳಕು ಮನೆವರೆಗೆ ಬರುತ್ತಿದೆ. ಎಲ್‌ಒಎಸ್ ಕೆಂಪಗೆ ಮಿಣುಕುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಎಲ್ಲೋ ಫೈಬರ್ ಕಟ್ ಆಗಿದೆ, ಇಲ್ಲವೇ ಮಂಚದ ಕಾಲಿನ ಕೆಳಗೆ ಸಿಕ್ಕಿ ತೀರಾ ಮಡಚಿದೆ, ಇಲ್ಲವೇ ಹಿಂದಿನ ಕನೆಕ್ಟರ್ ಸಡಿಲವಾಗಿದೆ. ಎಲ್‌ಒಎಸ್ ಕೆಂಪಗಿರುವಾಗ ಎಷ್ಟು ಸಲ ಆಫ್ ಆನ್ ಮಾಡಿದರೂ ನೆಟ್ ಬರುವುದಿಲ್ಲ. ನಮಗೆ ಫೋನ್ ಮಾಡಿ "ಎಲ್‌ಒಎಸ್ ಕೆಂಪು" ಅಂತ ಎರಡೇ ಮಾತು ಹೇಳಿ. ಆ ಮಾತು ಕೇಳಿದರೆ ನಾವು ಸೀದಾ ಲೈನ್ ನೋಡುವುದಕ್ಕೇ ಹೊರಡುತ್ತೇವೆ. ಕನೆಕ್ಟರ್ ಬಿಚ್ಚಿ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದು ಲೇಸರ್, ಕಣ್ಣಿಗೆ ಕಾಣುವುದೂ ಇಲ್ಲ.

ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವುದು ಬೇರೆ, ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ಬೇರೆ. ಪಿನ್ ಚುಚ್ಚಿದರೆ ನಾವು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು. ಆಮೇಲೆ ಸರ್ವರ್ ಸರಿಯಾದರೂ ನಿಮ್ಮ ಮನೆಯಲ್ಲಿ ನೆಟ್ ಇರುವುದಿಲ್ಲ.

"ಯೂಟ್ಯೂಬ್ ಓಡುತ್ತಿದೆ, ಗೇಮ್ ಮಾತ್ರ ಇಲ್ಲ, ಹಾಗಾದರೆ ನೆಟ್ ಸರಿ ಇದೆ ಅಲ್ವಾ?" ಅಂತ ಕೇಳುತ್ತಾರೆ. ಹಾಗೆ ಹೇಳಲಾಗದು. ಯೂಟ್ಯೂಬ್ ವಿಡಿಯೊ ಬಹಳ ಸಲ ನೆಟ್ ಕಂಪನಿಯೊಳಗೇ ಇಟ್ಟಿರುವ ಗೂಗಲ್ ಸರ್ವರ್‌ನಿಂದ ಬರುತ್ತದೆ. ಮುಂದಿನ ಭಾಗವನ್ನು ಮೊದಲೇ ತುಂಬಿಕೊಂಡೂ ಇರುತ್ತದೆ. ಗೇಮಿನ ಮಾತು ಮುಂಬೈಗೋ ಸಿಂಗಪುರಕ್ಕೋ ಹೋಗಿ ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಬರಬೇಕು. ದಾರಿಯಲ್ಲಿ ಏನಾದರೂ ಆದರೆ ಪೆಟ್ಟು ಬೀಳುವುದು ಗೇಮಿಗೇ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ, ಜೆಡ್ಡಾ ಹತ್ತಿರ, ಕಡಲೊಳಗಿನ ಕೇಬಲ್‌ಗಳು ಕಟ್ ಆದವು. ಭಾರತದಿಂದ ಯುರೋಪ್ ಕಡೆ ಹೋಗುವ ನೆಟ್ ನಿಧಾನವಾಯಿತು. ಅಂಥ ಹೊತ್ತಿನಲ್ಲಿ ನಿಮ್ಮ ಮನೆ ಲೈನ್ ಸರಿ ಇರುತ್ತದೆ, ಗೇಮ್ ಸರ್ವರೂ ಸರಿ ಇರುತ್ತದೆ, ಕೆಟ್ಟಿರುವುದು ನಡುವಿನ ದಾರಿ. ಗೇಮಿನ ಸೆಟ್ಟಿಂಗ್‌ನಲ್ಲಿ ಯುರೋಪ್ ಬಿಟ್ಟು ಮುಂಬೈ ಅಥವಾ ಸಿಂಗಪುರ ಆರಿಸಿಕೊಂಡರೆ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು) ಇಳಿಯುತ್ತದೆ.

ಕಂಪ್ಯೂಟರ್ ಇದ್ದವರು ಪಿಂಗ್ ಕಮಾಂಡ್, ದಾರಿ ತೋರಿಸುವ ಟ್ರೇಸ್‌ರೂಟ್ ಕಮಾಂಡ್ ಹಾಕಿ ನೋಡಬಹುದು. ಕೆಲವು ಗೇಮ್ ಸರ್ವರ್‌ಗಳು ಪಿಂಗ್‌ಗೆ ಉತ್ತರ ಕೊಡದ ಹಾಗೆ ಇಟ್ಟಿರುತ್ತಾರೆ. ಉತ್ತರ ಬರಲಿಲ್ಲ ಅಂತ ಸರ್ವರ್ ಸತ್ತಿದೆ ಅಂದುಕೊಳ್ಳಬೇಡಿ. ವೆಬ್‌ಸೈಟ್ ಹೆಸರೇ ಸಿಗುತ್ತಿಲ್ಲ ಅಂತ ಎರರ್ ಬಂದರೆ ಮಾತ್ರ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ನೋಡಿ, 8.8.8.8 ಅಥವಾ 1.1.1.1. ಬೇರೆ ತೊಂದರೆಗೆಲ್ಲ ಡಿಎನ್‌ಎಸ್ ಬದಲಿಸುವುದರಿಂದ ಲಾಭ ಇಲ್ಲ.

ಉತ್ತರ (ಬೆಂಗಳೂರು, ಸಾಫ್ಟ್‌ವೇರ್ ಕೆಲಸ, ಸರ್ವರ್ ನೋಡಿಕೊಳ್ಳುವ ತಂಡ)

ಆ ಕಡೆ ಕೂತು ಕೆಲಸ ಮಾಡುವವರ ಕಷ್ಟ ನನಗೆ ಗೊತ್ತು, ಅದಕ್ಕೆ ಬರೆಯುತ್ತಿದ್ದೇನೆ. 2021ರ ಅಕ್ಟೋಬರ್ 28ರಂದು ರೋಬ್ಲಾಕ್ಸ್ ನಿಂತಿತು. ಮತ್ತೆ ಎದ್ದು ನಿಲ್ಲಲು 73 ಗಂಟೆ ಬೇಕಾಯಿತು. ಆಮೇಲೆ ಅವರೇ ಕಾರಣವನ್ನು ಬಿಡಿಸಿ ಬರೆದರು. ಒಳಗಿನ ಸರ್ವರ್‌ಗಳು ಒಂದನ್ನೊಂದು ಹುಡುಕಿಕೊಳ್ಳುವುದಕ್ಕೆ ಕಾನ್ಸಲ್ ಅನ್ನುವ ವ್ಯವಸ್ಥೆ ಇತ್ತು. ಲೋಡ್ ಜಾಸ್ತಿಯಾದಾಗ ಅದೇ ಕುಸಿಯಿತು. ತೊಂದರೆ ಎಲ್ಲಿದೆ ಅಂತ ತೋರಿಸಬೇಕಾದ ಮಾನಿಟರಿಂಗ್ ಕೂಡ ಅದರ ಮೇಲೇ ನಿಂತಿತ್ತು. ಹಾಗಾಗಿ ಕಾರಣ ಹುಡುಕುವುದೇ ಅಷ್ಟು ತಡವಾಯಿತು.

ಸರಿಯಾದ ಮೇಲೂ ಅವರು ಎಲ್ಲರನ್ನೂ ಒಮ್ಮೆಗೇ ಬಿಡಲಿಲ್ಲ. ಸುಮಾರು ಶೇಕಡಾ 10ರಂತೆ, ಯಾರನ್ನು ಬೇಕಾದರೂ ಆರಿಸಿ, ಹಂತ ಹಂತವಾಗಿ ಬಿಟ್ಟರು. ಗೆಳೆಯನಿಗೆ ಲಾಗಿನ್ ಆಯಿತು, ನನಗೆ ಆಗುತ್ತಿಲ್ಲ, ನನ್ನ ಅಕೌಂಟ್ ಬ್ಯಾನ್ ಆಯಿತಾ ಅಂತ ಹೆದರುವವರು ಇದನ್ನು ತಿಳಿದಿರಬೇಕು. ಬ್ಯಾನ್ ಆಗಿದ್ದರೆ ಸಾಮಾನ್ಯವಾಗಿ ಸ್ಕ್ರೀನ್ ಮೇಲೆ ಬ್ಯಾನ್ ಅಂತಲೇ ಬರುತ್ತದೆ, ಇಮೇಲ್ ಕೂಡ ಬರುತ್ತದೆ. ಬರೀ ಕನೆಕ್ಷನ್ ಎರರ್ ಇದ್ದರೆ ತಾಳ್ಮೆಯಿಂದ ಇರಿ.

ಕಳೆದ ವರ್ಷಗಳಲ್ಲಿ ದೊಡ್ಡ ಮಟ್ಟದಲ್ಲಿ ನಿಂತಿದ್ದನ್ನೆಲ್ಲ ನೋಡಿದರೆ, ಬಹಳ ಸಲ ಕೆಟ್ಟಿದ್ದು ಗೇಮ್ ಅಲ್ಲ, ಅದರ ಕೆಳಗಿನ ಪಾಯ. 2025ರ ಅಕ್ಟೋಬರ್ 20ರಂದು ಬೇರೆ ಕಂಪನಿಗಳಿಗೆ ಸರ್ವರ್ ಬಾಡಿಗೆ ಕೊಡುವ ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ಡೈನಮೊಡಿಬಿ ಅನ್ನುವ ಡೇಟಾಬೇಸ್‌ನ ಡಿಎನ್‌ಎಸ್ ದಾಖಲೆ ಖಾಲಿಯಾಗಿಬಿಟ್ಟಿತು. ಫೋರ್ಟ್‌ನೈಟ್, ರೋಬ್ಲಾಕ್ಸ್, ಸ್ನ್ಯಾಪ್‌ಚಾಟ್, ಸಂಬಂಧವೇ ಇಲ್ಲದವು ಒಟ್ಟಿಗೆ ಬಿದ್ದವು. ನಮಗೆ ಅದು ನರಕ ಚತುರ್ದಶಿ ದಿನದ ಮಧ್ಯಾಹ್ನ, ಮಕ್ಕಳೆಲ್ಲ ಎಣ್ಣೆ ಸ್ನಾನ ಮುಗಿಸಿ ರಜೆಯಲ್ಲಿ ಮನೆಯಲ್ಲೇ ಇದ್ದ ಹೊತ್ತು. ಬೇರೆ ಬೇರೆ ಕಂಪನಿಯ ಎರಡು ಮೂರು ಆಪ್ ಒಂದೇ ಹೊತ್ತಿಗೆ ಕೆಟ್ಟರೆ, ನೆಟ್ ಬೇರೆ ಕಡೆ ಸರಿ ಇದ್ದರೆ, ಇಂಥದ್ದೇ ಏನೋ ಆಗಿದೆ ಅಂತ ತಿಳಿಯಿರಿ.

ಹಾಗಿರುವಾಗ ನಿಮ್ಮ ಯಂತ್ರದಲ್ಲಿ ಏನನ್ನೂ ಬದಲಿಸಬೇಡಿ. ಇದೊಂದನ್ನು ಕೈಮುಗಿದು ಕೇಳುತ್ತೇನೆ. ಗೇಮ್ ಡಿಲೀಟ್ ಮಾಡಬೇಡಿ, ಸೇವ್ ಅಳಿಸಬೇಡಿ, ಕನ್ಸೋಲ್ ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಮುಖ್ಯವಾಗಿ ಅಕೌಂಟ್‌ನಿಂದ ಲಾಗ್‌ಔಟ್ ಆಗಬೇಡಿ. ಒಳಗಿದ್ದವರು ಕೆಲವೊಮ್ಮೆ ಹಾಗೇ ಆಡುತ್ತಾ ಇರಬಹುದು. ಒಮ್ಮೆ ಹೊರಗೆ ಬಂದರೆ ಲಾಗಿನ್ ಸರ್ವರ್ ಏಳುವವರೆಗೆ ಒಳಗೆ ಹೋಗಲಾಗದು. ಪಾಸ್‌ವರ್ಡ್ ತಪ್ಪಿರಬಹುದು ಅಂತ ಮತ್ತೆ ಮತ್ತೆ ಹಾಕಿದರೆ ಅಕೌಂಟ್ ಲಾಕ್ ಆಗುವುದೂ ಉಂಟು.

ಉತ್ತರ (ನ್ಯೂಜೆರ್ಸಿಯಲ್ಲಿರುವ ಕನ್ನಡಿಗ)

2025ರ ಫೆಬ್ರವರಿ 7ರ ಶುಕ್ರವಾರ ಸಂಜೆ ಇಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕ್ ಬಿತ್ತು. ಸುಮಾರು ಒಂದು ದಿನ ಪೂರ್ತಿ ಬರಲಿಲ್ಲ. ಊರಲ್ಲಿ ಅದು ಶನಿವಾರ ಬೆಳಗ್ಗೆ. ಸೋನಿಯವರು "ಕಾರ್ಯಾಚರಣೆಯ ತೊಂದರೆ" ಅಂತಷ್ಟೇ ಹೇಳಿ, ದುಡ್ಡು ಕೊಟ್ಟು ಸೇರಿದ ಪ್ಲೇಸ್ಟೇಷನ್ ಪ್ಲಸ್ ಸದಸ್ಯರಿಗೆ 5 ದಿನ ಹೆಚ್ಚಿಗೆ ಕೊಟ್ಟರು. ಅರ್ಜಿ ಹಾಕಬೇಕಿರಲಿಲ್ಲ, ತಾನಾಗೇ ಸೇರಿತು.

ಆ ದಿನ ನಾನು ಗಮನಿಸಿದ್ದು ಒಂದೇ. ನಮ್ಮ ಪರಿಚಯದವರಲ್ಲಿ ಕೆಲವರು ಒಬ್ಬರೇ ಆಡುವ ಗೇಮ್‌ಗಳನ್ನು ಆರಾಮಾಗಿ ಆಡಿದರು. ಕೆಲವರಿಗೆ ದುಡ್ಡು ಕೊಟ್ಟು ಕೊಂಡ ಗೇಮೂ ಬೀಗ ಹಾಕಿಕೊಂಡಿತ್ತು. ವ್ಯತ್ಯಾಸ ಒಂದು ಸೆಟ್ಟಿಂಗ್. ಪಿಎಸ್5ರಲ್ಲಿ ಅಕೌಂಟ್ ಸೆಟ್ಟಿಂಗ್ ಒಳಗೆ "ಕನ್ಸೋಲ್ ಶೇರಿಂಗ್ ಆ್ಯಂಡ್ ಆಫ್‌ಲೈನ್ ಪ್ಲೇ" ಇದೆ. ಅದನ್ನು ಮನೆಯ ಕನ್ಸೋಲ್‌ನಲ್ಲಿ ಆನ್ ಮಾಡಿಟ್ಟಿರಬೇಕು. ಎಕ್ಸ್‌ಬಾಕ್ಸ್‌ನಲ್ಲಿ "ಹೋಮ್ ಎಕ್ಸ್‌ಬಾಕ್ಸ್", ಸ್ಟೀಮ್‌ನಲ್ಲಿ ಆಫ್‌ಲೈನ್ ಮೋಡ್. ಎಲ್ಲವನ್ನೂ ನೆಟ್ ಸರಿ ಇದ್ದಾಗಲೇ ಮಾಡಬೇಕು. ಸರ್ವರ್ ಬಿದ್ದ ಮೇಲೆ ಕನ್ಸೋಲ್ ಸೆಟ್ಟಿಂಗ್ ಬದಲಿಸಲು ಹೋದರೆ ಅದಕ್ಕೂ ಸರ್ವರೇ ಬೇಕು. ಡಿಸ್ಕ್ ಇದ್ದವರಿಗೆ ಈ ಚಿಂತೆ ಕಡಿಮೆ. ನಾನು ಇಷ್ಟದ ಗೇಮ್‌ಗಳನ್ನು ಈಗಲೂ ಡಿಸ್ಕ್‌ನಲ್ಲೇ ಕೊಳ್ಳುತ್ತೇನೆ, ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ.

ಹಬ್ಬಕ್ಕೆ ಮಕ್ಕಳಿಗೆ ಕನ್ಸೋಲ್ ತರುವವರಿಗೂ ಒಂದು ಮಾತು. 2014ರ ಕ್ರಿಸ್‌ಮಸ್ ದಿನ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡರ ನೆಟ್‌ವರ್ಕ್ ಮೇಲೂ ದಾಳಿ ಆಗಿ ಎರಡೂ ನಿಂತಿದ್ದವು. ಹಿಂದಿನ ದಿನವೇ ಡಬ್ಬ ಬಿಚ್ಚಿ ಅಕೌಂಟ್ ಮಾಡಿ, ಅಪ್‌ಡೇಟ್ ಹಾಕಿ, ಮತ್ತೆ ಪ್ಯಾಕ್ ಮಾಡಿಡಿ.

ಉತ್ತರ (ಮಂಗಳೂರು, ಬ್ಯಾಂಕ್ ಉದ್ಯೋಗಿ)

ದುಡ್ಡಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಮೊದಲನೆಯದಾಗಿ, ಸರ್ವರ್ ಅಲುಗಾಡುತ್ತಿರುವಾಗ ಟಾಪ್‌ಅಪ್ ಮಾಡಲೇಬೇಡಿ. ಮಾಡಿ ಆಗಿದ್ದರೆ ಎರಡನೇ ಸಲ ಒತ್ತಬೇಡಿ.

ದುಡ್ಡು ಎಲ್ಲಿ ನಿಂತಿದೆ ಅಂತ ನೋಡಿ. ಯುಪಿಐ ಆಪ್‌ನಲ್ಲಿ "ಫೇಲ್" ಅಥವಾ "ಪೆಂಡಿಂಗ್" ಇದ್ದು ಖಾತೆಯಿಂದ ಕಟ್ ಆಗಿದ್ದರೆ ಅದು ಬ್ಯಾಂಕಿನ ವಿಷಯ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಅಂಗಡಿಗೆ ಮಾಡಿದ ಯುಪಿಐ ಪಾವತಿ ಅವರಿಗೆ ತಲುಪದಿದ್ದರೆ 5 ದಿನದೊಳಗೆ ತಾನಾಗೇ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. "ಸಕ್ಸೆಸ್" ಅಂತ ಬಂದು ಕಾಯಿನ್ ಮಾತ್ರ ಬರಲಿಲ್ಲ ಅಂದರೆ ಬ್ಯಾಂಕ್ ಏನೂ ಮಾಡಲಾಗದು, ಗೇಮಿನ ಸಪೋರ್ಟ್‌ಗೆ ಬರೆಯಬೇಕು. ಪ್ಲೇ ಸ್ಟೋರ್‌ನಲ್ಲಿ ಕೊಂಡಿದ್ದರೆ ಇಮೇಲ್‌ಗೆ ರಸೀದಿ ಬಂದಿರುತ್ತದೆ, ಅದರಲ್ಲಿ ಜಿಪಿಎ ಅಂತ ಶುರುವಾಗುವ ಆರ್ಡರ್ ನಂಬರ್ ಇದೆ. ಆ ನಂಬರ್, ನಿಮ್ಮ ಪ್ಲೇಯರ್ ಐಡಿ, ಹೊತ್ತು, ಒಂದು ಸ್ಕ್ರೀನ್‌ಶಾಟ್. ಇಷ್ಟಿದ್ದರೆ ಕೆಲಸ ಬೇಗ ಆಗುತ್ತದೆ.

ದೊಡ್ಡ ಔಟೇಜ್ ದಿನವೇ ಮೋಸ ಮಾಡುವವರು ಬಲೆ ಬೀಸುವುದು. "ಲಾಗಿನ್ ಸರಿ ಮಾಡಿಕೊಡುತ್ತೇವೆ", "ಪರಿಹಾರದ ಕಾಯಿನ್ ಇಲ್ಲಿದೆ" ಅಂತ ಟೆಲಿಗ್ರಾಮ್‌ನಲ್ಲಿ ಲಿಂಕ್ ಹರಿದಾಡುತ್ತದೆ. ಹುಡುಕಿದರೆ ಸುಳ್ಳು ಕಸ್ಟಮರ್ ಕೇರ್ ನಂಬರ್ ಸಿಗುತ್ತದೆ. ಯಾರಿಗೂ ಒಟಿಪಿ ಹೇಳಬೇಡಿ, ಸ್ಕ್ರೀನ್ ಶೇರ್ ಆಪ್ ಹಾಕಿಕೊಳ್ಳಬೇಡಿ. ದುಡ್ಡು ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ.

ಇನ್ನೊಂದು. 2011ರ ಏಪ್ರಿಲ್ 20ರಂದು ಸೋನಿ ತನ್ನ ನೆಟ್‌ವರ್ಕನ್ನು ತಾನೇ ಮುಚ್ಚಿತು, ಮೇ ಮಧ್ಯದವರೆಗೆ ತೆರೆಯಲಿಲ್ಲ. ಕಳ್ಳರು ಒಳಗೆ ನುಗ್ಗಿ ಸುಮಾರು 7.7 ಕೋಟಿ ಖಾತೆಗಳ ವಿವರಕ್ಕೆ ಕೈ ಹಾಕಿದ್ದರು. ಕಾರಣ ಹೇಳದೆ ಯಾವುದಾದರೂ ಸೇವೆ ದಿನಗಟ್ಟಲೆ ನಿಂತರೆ, ಬಂದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಇಮೇಲ್‌ಗೂ ಇದ್ದರೆ ಅದನ್ನು ಕಾಯದೆ ಇವತ್ತೇ ಬದಲಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಫ್‌ಲೈನ್ ಸೆಟ್ಟಿಂಗ್ ಈಗಲೇ ಆನ್ ಮಾಡಿಸಿದೆ. ಒಂದು ಅನುಮಾನ ಉಳಿದಿದೆ. ಗೇಮ್ ಪ್ಲೇ ಸ್ಟೋರ್‌ನಲ್ಲೇ ಕಾಣದಿದ್ದರೆ ಅದೂ ಔಟೇಜಾ?

ಉತ್ತರ (ಮೈಸೂರು, ಗೇಮಿಂಗ್ ಕೆಫೆ ನಡೆಸುವವರು)

ಅಲ್ಲ, ಅದು ಬೇರೆ ವಿಷಯ. ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) 2022ರ ಜುಲೈ 28ರಂದು ಸ್ಟೋರ್‌ಗಳಿಂದ ಮಾಯವಾಯಿತು, ಸರ್ಕಾರದ ಆದೇಶದ ಮೇಲೆ. ಆಗ ಸರ್ವರ್ ಓಡುತ್ತಲೇ ಇತ್ತು, ಫೋನ್‌ನಲ್ಲಿ ಮೊದಲೇ ಇದ್ದವರು ಆಡುತ್ತಲೇ ಇದ್ದರು. ಡಿಲೀಟ್ ಮಾಡಿದವರಿಗೆ ಮಾತ್ರ ಮತ್ತೆ ಸಿಗಲಿಲ್ಲ. 2023ರ ಮೇ ಕೊನೆಯಲ್ಲಿ ವಾಪಸ್ ಬಂತು. ಹಾಗಾಗಿ ಸ್ಟೋರ್‌ನಲ್ಲಿ ಕಾಣದಿದ್ದರೆ ಮೊದಲು ಸುದ್ದಿ ನೋಡಿ, ಸ್ಟೇಟಸ್ ಪೇಜ್ ಆಮೇಲೆ. ಯಾರೋ ಕಳಿಸಿದ ಎಪಿಕೆ ಫೈಲ್ (ಸ್ಟೋರ್ ಬಿಟ್ಟು ನೇರವಾಗಿ ಹಾಕುವ ಆಪ್ ಫೈಲ್) ಹಾಕಿಕೊಳ್ಳಬೇಡಿ. ನಮ್ಮ ಕೆಫೆಗೆ ಬರುವ ಒಬ್ಬ ಹುಡುಗನ ಅಕೌಂಟ್ ಅದರಿಂದಲೇ ಬೇರೆಯವರ ಕೈಗೆ ಹೋಯಿತು. ಇವತ್ತೇ ನಿಮ್ಮ ಅಕೌಂಟನ್ನು ಗೆಸ್ಟ್ ಆಗಿ ಬಿಡದೆ ಗೂಗಲ್ ಅಥವಾ ಬೇರೆ ಯಾವುದಾದರೂ ಲಾಗಿನ್‌ಗೆ ಲಿಂಕ್ ಮಾಡಿಡಿ, ಪ್ಲೇಯರ್ ಐಡಿಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.