ಗೀಸರ್ ಹಾಕಿದ್ರೆ ನಲ್ಲಿ ಜುಮ್ ಅಂತದೆ, ಅರ್ಥ್ ಗುಂಡಿ ಹೊಸದು ಮಾಡಿಸ್ಲಾ?

ನಿಟುವಳ್ಳಿ ಹುಡುಗ: ದಾವಣಗೆರೆ, 18 ವರ್ಷದ ಮನೆ. ಗೀಸರ್ ಆನ್ ಇದ್ದಾಗ ಒದ್ದೆ ಕೈಲಿ ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ. ಅಮ್ಮ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಸ್ನಾನಕ್ಕೆ ಹೋಗ್ತಾರೆ. ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಪದೇ ಪದೇ ಬೀಳ್ತಿತ್ತು ಅಂತ ವೈರಿಂಗ್‌ನವನು ಹೋದ ತಿಂಗಳು ಅದನ್ನ ಬೈಪಾಸ್ ಮಾಡಿದ್ದ. ಈಗ ಅರ್ಥ್ ಗುಂಡಿಗೆ (ಸೋರಿದ ಕರೆಂಟ್ ನೆಲಕ್ಕೆ ಇಳಿಸೋ ಗುಂಡಿ) ಉಪ್ಪು, ಇದ್ದಿಲು ಹಾಕಿಸಿ ಅಂತಿದಾನೆ.

ಹೊಂಡದ ಸರ್ಕಲ್: ಹಾಕಿಸ್ರಿ, ಮೇಲೆ ನಾಲ್ಕು ಕೊಡ ನೀರು ಬಿಡ್ರಿ. ನಮ್ಮ ಕಡೆ ಎರೆ ಮಣ್ಣು, ಚೆನ್ನಾಗಿ ಹಿಡೀತದೆ. ನಮ್ಮನೇಲಿ ಎಂಸಿಬಿ (ಕರೆಂಟ್ ವಿಪರೀತ ಹರಿದ್ರೆ ಬೀಳೋ ಸ್ವಿಚ್) ಒಂದೇ ಇರೋದು, ಆರ್‌ಸಿಸಿಬಿ ಮುಖಾನೇ ನೋಡಿಲ್ಲ.

ದುರ್ಗದ ವೈರ್‌ಮನ್: ಅಣ್ಣ, ಎಂಸಿಬಿ ನಂಬ್ಕೊಂಡು ಕೂರಬೇಡಿ. ಗುಂಡಿಯ ತಡೆ (ರೆಸಿಸ್ಟೆನ್ಸ್) 5 ಓಮ್ ಇದ್ರೆ ಭೇಷ್ ಅಂತೀವಲ್ಲ? ಲೈನಿನ 230 ವೋಲ್ಟನ್ನ 5ರಿಂದ ಭಾಗಿಸಿದ್ರೆ 46 ಆಂಪಿಯರ್. 20 ಆಂಪಿಯರ್‌ನ ಸಿ ಕರ್ವ್ ಅನ್ನೋ ಬಗೆಯ ಎಂಸಿಬಿ ತಟ್ಟಂತ ಬೀಳೋಕೆ 100ರಿಂದ 200 ಆಂಪಿಯರ್ ಹರೀಬೇಕು. ನಮ್ಮ ದುರ್ಗದಲ್ಲಂತೂ ಎರಡಡಿ ಅಗೆದ್ರೆ ಬಂಡೆ. ಬೇಸಿಗೇಲಿ ಒಂದು ಮನೇಲಿ ಅಳೆದಾಗ 40 ಓಮ್ ಬಂತು. ಅಂದ್ರೆ 6 ಆಂಪಿಯರೂ ಹರಿಯಲ್ಲ, ಎಂಸಿಬಿ ಅದನ್ನ ಇಸ್ತ್ರಿ ಪೆಟ್ಟಿಗೆ ಅಂದ್ಕೊಂಡು ಸುಮ್ಮನಿರುತ್ತೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಸುಮ್ಮನಿರಲ್ಲ. ನಿಮ್ಮದು ಕೂಗಿ ಹೇಳ್ತಿತ್ತು, ಬಾಯಿ ಮುಚ್ಚಿಸಿದ್ರಿ. ಗೀಸರ್ ಕಾಯ್ಲ್ ಹೋಗಿರುತ್ತೆ, ಬರೆದಿಟ್ಕೊಳ್ಳಿ.

ಹೊಂಡದ ಸರ್ಕಲ್: ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಬಿದ್ರೆ ಯಾರು ತಡ್ಕೋತಾರೆ? ಗುಂಡಿ ಬೇಡ ಅಂದ್ರೆ ನಲ್ಲಿ ಪೈಪನ್ನೇ ಅರ್ಥ್‌ಗೆ ಕಟ್ಟಿಸಿಬಿಡಿ, ಬಾಂಡಿಂಗ್ ಅಂತಾರಲ್ಲ.

ನಿವೃತ್ತ ಲೈನ್‌ಮನ್: ತಡೀರಿ. ಬಾಂಡಿಂಗ್ ಒಳ್ಳೇದೇ: ಪೈಪು, ನಲ್ಲಿ, ಗೀಸರ್ ಮೈ ಎಲ್ಲಾ ಒಂದೇ ವೋಲ್ಟೇಜಲ್ಲಿದ್ರೆ ಮುಟ್ಟಿದವನಿಗೆ ಹೊಡೆಯಲ್ಲ. ಆದ್ರೆ ಕಟ್ಟೋ ಅರ್ಥೇ ಸುಳ್ಳಾಗಿದ್ರೆ ಬಚ್ಚಲಿನ ಶಾಕ್ ಅಡುಗೆಮನೆ ನಲ್ಲಿಗೂ ಬರುತ್ತೆ. ತಮ್ಮಾ, ಮೊದಲು ಮೇನ್ ಆಫ್ ಮಾಡಿಸಿ ಗೀಸರ್ ಸಾಕೆಟ್ ಬಿಚ್ಚಿಸು. ಅಲ್ಲೀತನಕ ಒಲೆ ಮೇಲೆ ನೀರು ಕಾಯಿಸಿ.

ನಿಟುವಳ್ಳಿ ಹುಡುಗ: ಬಿಚ್ಚಿಸಿದೆ ಸರ್, ಬೇರೆಯವರನ್ನ ಕರೆಸಿ. ಅರ್ಥ್‌ನ ದೊಡ್ಡ ಪಿನ್‌ನಿಂದ ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗೋ ವೈರ್) ಬೆರಳುದ್ದ ಕಪ್ಪು ವೈರ್ ಹಾಕಿದಾರೆ. ಗುಂಡಿಗೆ ಹೋಗೋ ಹಸಿರು ಅರ್ಥ್ ವೈರ್ ಬಾಕ್ಸ್ ಹಿಂದೆ ತುಂಡಾಗಿದೆ, ಟೇಪ್ ಸುತ್ತಿ ಒಳಗೆ ತುರುಕಿದಾರೆ. ನ್ಯೂಟ್ರಲ್ ಜಾಯಿಂಟ್ ಸುಟ್ಟು ಸಡಿಲ ಆಗಿತ್ತಂತೆ.

ದುರ್ಗದ ವೈರ್‌ಮನ್: ಕಾಯ್ಲ್ ಅಂದಿದ್ದು ವಾಪಸ್ ತಗೊಂಡೆ. ಗೀಸರ್ ಎಳೆಯೋ ಕರೆಂಟಿಗೆ ಸಡಿಲ ನ್ಯೂಟ್ರಲ್ ವೋಲ್ಟೇಜ್ ಏರುತ್ತೆ, ಅದೇ ಗೀಸರ್ ಮೈಗೆ ಬರ್ತಿತ್ತು. ಒಂದಿಷ್ಟು ನೀರು, ಪೈಪಿನ ಮೂಲಕ ನೆಲಕ್ಕೆ ಸೋರಿ ಆರ್‌ಸಿಸಿಬಿ ಬೀಳ್ತಿತ್ತು. ಆ ಜಾಯಿಂಟ್ ಪೂರ್ತಿ ಕಡಿದಿದ್ರೆ ಗೀಸರ್ ಮೈಮೇಲೆ 230 ವೋಲ್ಟ್. ಗುಂಡಿಗೆ ಮೂಟೆ ಉಪ್ಪು ಸುರಿದ್ರೂ ಈ ಸಾಕೆಟ್‌ಗೆ ಏನೂ ಆಗ್ತಿರ್ಲಿಲ್ಲ, ವೈರೇ ಇಲ್ವಲ್ಲ.

ಹೊಂಡದ ಸರ್ಕಲ್: ನಮ್ಮನೇದೂ ಅದೇ ಕಾಲದ ವೈರಿಂಗ್. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಹಿಡಿದು ನೋಡಿದ್ರೆ ಗೊತ್ತಾಗುತ್ತಲ್ಲ?

ನಿವೃತ್ತ ಲೈನ್‌ಮನ್: ಆಗಲ್ಲ. ಅರ್ಥ್ ಪಿನ್ನನ್ನ ನ್ಯೂಟ್ರಲ್‌ಗೆ ಕಟ್ಟಿದ್ರೂ ಬಲ್ಬ್ ಝಗ್ ಅಂತ ಉರಿಯುತ್ತೆ. ಬಿಚ್ಚೇ ನೋಡಬೇಕು.